ಬರಹಗಾರರಿಗೆ ಸಲಹೆ: ಮೆಕ್‌ಪಿ2 ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇನೆ

ಮಾನ್ಯರೇ,

‘ಜೀನುಗಳ ಸ್ವಿಚ್ಚು ಹಿಡಿದ ಕೈ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಮೆಕ್‌ಪಿ2 ಎಂಬ ಪ್ರೋಟೀನಿನ ಬಗ್ಗೆ ಕನ್ನಡದಲ್ಲಿ ಬರೆಯಲು ಮುಂದಾಗುವವರು ವಿರಳ. ಆ ಒಂದು ಕಾರಣಕ್ಕೇ ಇದನ್ನು ಒಪ್ಪಿಕೊಂಡುಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿದರೆ ನಿಲ್ಲಬಲ್ಲ ಬರಹವಾದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ಮೊದಲ ತೊಡಕು ಶೀರ್ಷಿಕೆಯಲ್ಲೇ ಇದೆ. ಈ ಪ್ರೋಟೀನು ‘ಬೇಡವಾದ ಜೀನುಗಳನ್ನು ಆರಿಸುವ ಸ್ವಿಚ್ಚು’ ಎಂದು ಆರಂಭಿಸಿ ಇಡೀ ಲೇಖನವನ್ನು ಆ ಒಂದು ಹೋಲಿಕೆಯ ಮೇಲೆ ಕಟ್ಟಿದ್ದೀರಿ. ಸ್ವಿಚ್ಚಿಗೆ ಇರುವುದು ಎರಡೇ ಸ್ಥಿತಿ, ಅದು ಆಳುವುದು ಒಂದೇ ದೀಪವನ್ನು. ಮೆಕ್‌ಪಿ2 ಮಾಡುವ ಕೆಲಸ ಬೇರೆ ಬಗೆಯದು. ಡಿಎನ್‌ಎಯಲ್ಲಿರುವ ಸೈಟೊಸಿನ್ ಎಂಬ ಅಕ್ಷರಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಿರುವ ಕಡೆ, ಮುಖ್ಯವಾಗಿ ಆ ಸೈಟೊಸಿನ್‌ನ ಮಗ್ಗುಲಲ್ಲೇ ಗ್ವಾನಿನ್ ಎಂಬ ಇನ್ನೊಂದು ಅಕ್ಷರ ಇರುವ ಕಡೆ, ಅದು ತನ್ನ ಒಂದು ಭಾಗದಿಂದ ಡಿಎನ್‌ಎಯನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಭಾಗದಿಂದ ಎನ್‌ಕೋರ್ ಮತ್ತು ಸ್ಮರ್ಟ್ ಎಂಬ ಪ್ರೋಟೀನು ಕೂಟಗಳನ್ನು ಅಲ್ಲಿಗೆ ಎಳೆದು ತರುತ್ತದೆ. ಆ ಕೂಟದಲ್ಲಿರುವ ಕಿಣ್ವವು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನು ಎಂಬ ಪ್ರೋಟೀನು ಉಂಡೆಗಳ ಮೇಲಿನ ಅಸಿಟೈಲ್ ಗುಂಪುಗಳನ್ನು ಕಳಚಿಹಾಕಿದಾಗ ಸುತ್ತು ಬಿಗಿಯಾಗಿ, ಅಲ್ಲಿನ ಜೀನಿನ ಓದು ತಗ್ಗುತ್ತದೆ. ಆದ್ದರಿಂದ ಹೋಲಿಕೆ ಬೇಕೇ ಬೇಕೆಂದರೆ ಸೇತುವೆ ಎನ್ನಿ. ಈ ಎರಡು ತುದಿಗಳೇ ಮುಖ್ಯವೆಂಬುದಕ್ಕೆ ಒಳ್ಳೆಯ ಆಧಾರವೂ ಇದೆ: ರೆಟ್ ಸಿಂಡ್ರೋಮ್ ಎಂಬ ಮೆದುಳಿನ ತೀವ್ರ ಕಾಯಿಲೆಯನ್ನು ತರುವ, ಪ್ರೋಟೀನಿನ ಒಂದೇ ಅಮೈನೋ ಆಮ್ಲವನ್ನು ಬದಲಿಸುವ ಜೀನು ರೂಪಾಂತರಗಳಲ್ಲಿ ಬಹುಪಾಲು ಈ ಎರಡು ಭಾಗಗಳಲ್ಲೇ ಗುಂಪುಗೂಡಿವೆ, ಮತ್ತು ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ 2017ರಲ್ಲಿ ಪ್ರೋಟೀನಿನ ಉಳಿದೆಲ್ಲವನ್ನೂ ಕತ್ತರಿಸಿ ಮೂರರಲ್ಲಿ ಒಂದಂಶದಷ್ಟನ್ನು ಮಾತ್ರ ಉಳಿಸಿದಾಗಲೂ ಇಲಿಗಳು ಬಹುಮಟ್ಟಿಗೆ ಸಹಜವಾಗಿಯೇ ಬದುಕಿದವು. ಇಷ್ಟು ಸೊಗಸಾದ ಪ್ರಯೋಗ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಬದಲಿಗೆ ‘ಕಾವಲುಗಾರ’, ‘ಮುಖ್ಯೋಪಾಧ್ಯಾಯ’, ‘ವಾದ್ಯವೃಂದದ ನಾಯಕ’ ಎಂಬ ಮೂರು ಬಿರುದುಗಳಿವೆ.

ಸ್ವಿಚ್ಚಿನ ಹೋಲಿಕೆಯಿಂದ ಇನ್ನೂ ದೊಡ್ಡ ತಪ್ಪೊಂದು ಹುಟ್ಟಿದೆ. ‘ಈ ಪ್ರೋಟೀನು ಹೆಚ್ಚಿದಷ್ಟೂ ಮೆದುಳಿಗೆ ಕ್ಷೇಮ’ ಎಂದು ಬರೆದಿದ್ದೀರಿ. ಬಲಿತ ನರಕೋಶದಲ್ಲಿ ಮೆಕ್‌ಪಿ2 ಎಷ್ಟು ಹೇರಳವಾಗಿದೆಯೆಂದರೆ ಅದರ ಅಣುಗಳ ಸಂಖ್ಯೆ ಹಿಸ್ಟೋನು ಉಂಡೆಗಳ ಸಂಖ್ಯೆಯ ಹತ್ತಿರಕ್ಕೆ ಬರುತ್ತದೆ. ಅದು ಇಲ್ಲವಾದಾಗ ಕೆಲವೇ ಜೀನುಗಳು ಧಗ್ಗನೆ ಹೊತ್ತಿಕೊಳ್ಳುವುದಿಲ್ಲ, ಸಾವಿರಾರು ಜೀನುಗಳ ಮಟ್ಟ ತುಸು ತುಸು ಏರುಪೇರಾಗುತ್ತದೆ. ಅಂದರೆ ಇದು ಅಳತೆಯ ಕಥೆ. ಕಡಿಮೆಯಾದರೆ ರೆಟ್ ಸಿಂಡ್ರೋಮ್. ಈ ಪ್ರೋಟೀನನ್ನು ರೂಪಿಸುವ ಜೀನಿನ ಒಂದು ಪ್ರತಿ ಹೆಚ್ಚಾಗಿ ಪ್ರೋಟೀನು ಇಮ್ಮಡಿಯಾದರೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುವ ಇನ್ನೊಂದು ತೀವ್ರ ಕಾಯಿಲೆ. ಜೀನ್ ಚಿಕಿತ್ಸೆಯ ಹಾದಿ ಇಲ್ಲಿ ಇಕ್ಕಟ್ಟಾಗಿರುವುದು ಇದೇ ಕಾರಣಕ್ಕೆ: ಕೊರತೆಯಿರುವ ಕೋಶಕ್ಕೆ ಪ್ರೋಟೀನನ್ನು ಒದಗಿಸಬೇಕು, ಆದರೆ ಪಕ್ಕದ ಸರಿಯಾದ ಕೋಶದಲ್ಲಿ ಅದು ಅತಿಯಾಗಬಾರದು. ಈ ಬಿಕ್ಕಟ್ಟನ್ನು ನೀವು ಮುಟ್ಟಿಯೇ ಇಲ್ಲ. ನನ್ನ ಮಟ್ಟಿಗೆ ಲೇಖನದ ತಿರುಳು ಅಲ್ಲೇ ಇದೆ.

ಮುಂದಿನ ಮಾತನ್ನು ಸ್ವಲ್ಪ ಬಿರುಸಾಗಿಯೇ ಹೇಳಬೇಕಾಗಿದೆ. ರೆಟ್ ಸಿಂಡ್ರೋಮ್ ‘ತಾಯಿಯಿಂದ ಬರುವ, ಹೆಣ್ಣುಮಕ್ಕಳಿಗೆ ಮಾತ್ರ ತಗಲುವ ಶಾಪ’ ಎಂಬ ನಿಮ್ಮ ವಾಕ್ಯದಲ್ಲಿ ಮೂರು ತಪ್ಪುಗಳಿವೆ. ಈ ರೂಪಾಂತರಗಳು ಬಹುತೇಕ ಹೊಸದಾಗಿ ಹುಟ್ಟಿದವು, ಹೆಚ್ಚಿನವು ತಂದೆಯ ವೀರ್ಯಾಣುವಿನಲ್ಲಿ ಆದವು. ಗಂಡುಮಗುವಿಗೂ ಇಂಥ ರೂಪಾಂತರ ಬರಬಹುದು. ಈ ಜೀನು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅವನಿಗಿರುವುದು ಒಂದೇ ಎಕ್ಸ್ ಆದ್ದರಿಂದ ಅವನ ಸ್ಥಿತಿ ಸಾಮಾನ್ಯವಾಗಿ ಇನ್ನೂ ತೀವ್ರವಾಗಿರುತ್ತದೆ. ಹೆಣ್ಣುಮಗುವಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಯಾವುದಾದರೂ ಒಂದು ಕೆಲಸ ಮಾಡದೆ ಮಲಗಿರುವುದರಿಂದ, ಅವಳ ಮೆದುಳಿನಲ್ಲಿ ಸರಿಯಾದ ಪ್ರೋಟೀನು ಇರುವ ಕೋಶವೂ ಇಲ್ಲದ ಕೋಶವೂ ಬೆರೆತು ನಿಂತಿರುತ್ತವೆ. ಶಾಪದ ಮಾತು ವಿಜ್ಞಾನ ಲೇಖನದಲ್ಲಿ ಬರಕೂಡದು. ಅಂಥ ಮಗುವಿನ ತಾಯಿ ಈ ವಾಕ್ಯವನ್ನು ಓದುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಇದೊಂದೇ ಸಾಕು ನಾನು ಲೇಖನವನ್ನು ತಡೆಹಿಡಿಯಲು.

ಇತಿಹಾಸವನ್ನು ನೀವು ಇಸವಿಗಳ ಪಟ್ಟಿಯಾಗಿ ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ. ಅಲ್ಲಿ ನಿಧಾನಿಸಿ. ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ ತಮ್ಮ ಚಿಕಿತ್ಸಾಲಯದಲ್ಲಿ ಕಾಯುತ್ತಾ ಕುಳಿತ ಇಬ್ಬರು ಬಾಲಕಿಯರು ಕೈ ತೊಳೆಯುವಂಥ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದುದನ್ನು ಗಮನಿಸಿ, 1966ರಲ್ಲಿ ಜರ್ಮನ್ ಭಾಷೆಯಲ್ಲಿ ಅದನ್ನು ದಾಖಲಿಸಿದರು; 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್ಬೆರಿ ಮತ್ತು ಸಂಗಡಿಗರು 35 ಬಾಲಕಿಯರ ವಿವರವನ್ನು ಇಂಗ್ಲಿಷಿನಲ್ಲಿ ಪ್ರಕಟಿಸುವವರೆಗೆ ಆ ಬರಹ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. ಇತ್ತ ಬರ್ಡ್ ಅವರ ತಂಡ 1992ರಲ್ಲಿ ಮೆಕ್‌ಪಿ2ವನ್ನು ಗುರುತಿಸಿದಾಗ ಅವರ ಕುತೂಹಲವಿದ್ದದ್ದು ಮೀಥೈಲ್ ಗುರುತುಗಳ ಬಗ್ಗೆ, ಯಾವ ಕಾಯಿಲೆಯ ಬಗ್ಗೆಯೂ ಅಲ್ಲ. ಹ್ಯೂಸ್ಟನ್‌ನಲ್ಲಿ ಹುಡಾ ಝೋಗ್ಬಿ ಅವರ ಪ್ರಯೋಗಾಲಯವು 1999ರಲ್ಲಿ ರೆಟ್ ಬಾಲಕಿಯರಲ್ಲಿ ಕೆಟ್ಟಿರುವ ಜೀನು ಇದೇ ಎಂದು ತೋರಿಸಿದಾಗ, ಪರಸ್ಪರ ಪರಿಚಯವೇ ಇಲ್ಲದ ಎರಡು ಕಥೆಗಳು ಒಂದಾದವು. ಇಷ್ಟು ಸಿಕ್ಕ ಬರಹಗಾರನಿಗೆ ಅಲಂಕಾರ ಬೇಕಿಲ್ಲ.

2007ರ ಇಲಿಗಳ ಪ್ರಯೋಗದ ಬಗ್ಗೆ ‘ರೋಗವನ್ನು ಗೆದ್ದಾಯಿತು’ ಎಂದಿದ್ದೀರಿ. ಆ ಇಲಿಗಳ ಮೆಕ್‌ಪಿ2 ಜೀನಿಗೆ ಮೊದಲೇ ಒಂದು ತಡೆಯನ್ನು ಕೂರಿಸಿ, ಟ್ಯಾಮಾಕ್ಸಿಫೆನ್ ಎಂಬ ಔಷಧ ಕೊಟ್ಟು ಅದನ್ನು ತೆಗೆದಿದ್ದರು. ಕಾಯಿಲೆಯ ಲಕ್ಷಣಗಳು ಹಿಂಜರಿದವು. ನರಕೋಶಗಳು ಸತ್ತಿರಲಿಲ್ಲ, ಪ್ರೋಟೀನು ಮರಳಿದರೆ ಚೇತರಿಸಿಕೊಳ್ಳಬಲ್ಲವು ಎಂಬುದು ಅದರ ಫಲಿತಾಂಶ, ಮತ್ತು ಅದು ಸಣ್ಣ ಸಂಗತಿಯಲ್ಲ. ಆದರೆ ಮಕ್ಕಳ ಜೀನಿನಲ್ಲಿ ತೆಗೆದುಹಾಕಲು ಅಂಥ ತಡೆ ಇರುವುದಿಲ್ಲ. ರೆಟ್ ಸಿಂಡ್ರೋಮಿಗೆಂದು 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೊಫಿನೆಟೈಡ್ ಔಷಧವೂ ಮೆಕ್‌ಪಿ2ವನ್ನು ಸರಿಪಡಿಸುವಂಥದ್ದಲ್ಲ. ಎರಡನ್ನೂ ಇರುವಷ್ಟೇ ಅಳತೆಯಲ್ಲಿ ಬರೆಯಿರಿ.

ಭಾಷೆಯ ಬಗ್ಗೆ ಚುಟುಕಾಗಿ. ಜೀನು, ವಂಶವಾಹಿ, ಗುಣಾಣು ಎಂಬ ಮೂರು ಪದಗಳನ್ನು ಒಂದೇ ವಸ್ತುವಿಗೆ ಬಳಸಿದ್ದೀರಿ. ಓದುಗ ಇವು ಮೂರು ಬೇರೆ ಬೇರೆ ವಸ್ತುಗಳೆಂದು ತಿಳಿದಾನು. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ. ‘ನಿಯಂತ್ರಿಸಲ್ಪಡುತ್ತದೆ’, ‘ಬಂಧಿಸಲ್ಪಟ್ಟಿದೆ’ ಎಂಬ ಬಗೆಯ ಕ್ರಿಯಾಪದಗಳು ಪುಟಪುಟದಲ್ಲೂ ಇವೆ, ಮತ್ತು ಅವುಗಳ ಮರೆಯಲ್ಲಿ ಯಾರು ಯಾರನ್ನು ಹಿಡಿದರು ಎಂಬುದೇ ಕಳೆದುಹೋಗಿದೆ. ಜೀವಕೋಶದ ಕೆಲಸವನ್ನು ವಿವರಿಸುವಾಗ ಕರ್ತೃ ಕಾಣಬೇಕು. (ನಾನೂ ಇದೇ ಚಾಳಿಯಲ್ಲಿ ವರ್ಷಗಟ್ಟಲೆ ಬರೆದವನೇ, ಹಾಗಾಗಿ ದೂರದಿಂದಲೇ ವಾಸನೆ ಹಿಡಿಯುತ್ತೇನೆ.)

ಮೀಥೈಲ್ ಗುರುತನ್ನು ವಿವರಿಸುತ್ತಾ ನೀವು ಎರಡನೆಯ ಪುಟದಲ್ಲಿ, ‘ಅಕ್ಷರ ಹಾಗೆಯೇ ಇದೆ, ಅದರ ತಲೆಯ ಮೇಲೊಂದು ಚುಕ್ಕೆ ಬಿದ್ದಿದೆ’ ಎಂದು ಬರೆದಿದ್ದೀರಿ. ಅದನ್ನು ಮುಟ್ಟಬೇಡಿ. ಈಗಿನ ಮೊದಲ ಎರಡು ಪ್ಯಾರಾಗಳನ್ನು ತೆಗೆದುಹಾಕಿ, ಲೇಖನವನ್ನು ಆ ವಾಕ್ಯದಿಂದಲೇ ಆರಂಭಿಸಿ ಮತ್ತೆ ಕಳುಹಿಸಿ.

ಇಂತಿ,
ಸಂಪಾದಕ