ಹಳೆ ಕಾರ್ ಲೋನಿನ ಅಗ್ರಿಮೆಂಟ್ ಕಳೆದುಹೋದರೆ ಹುಡುಕುವುದು ಹೇಗೆ?

ಸಾಲ ತೀರಿದೆ, ಕಾಗದ ಕಳೆದಿದೆ, ಯಾವ ಫೈನಾನ್ಸ್ ಅಂತಲೂ ನೆನಪಿಲ್ಲ, ಇದೇ ಅಲ್ವಾ ನಿಮ್ಮ ಪ್ರಶ್ನೆ? ಮೊದಲು ಆರ್‌ಸಿ ನೋಡಿ. ಸಾಲದ ನಮೂದು ತೆಗೆಸಿರದಿದ್ದರೆ ಸಾಲ ಕೊಟ್ಟವರ ಹೆಸರು ಅದರಲ್ಲೇ ಇರುತ್ತದೆ. ಎಂ-ಪರಿವಾಹನ್ ಆ್ಯಪ್‌ನಲ್ಲೂ ನೋಡಬಹುದು.

ಲೋನ್ ನಂಬರ್ ಬೇಕಾದರೆ ಸಿಬಿಲ್ ರಿಪೋರ್ಟ್ (ನಿಮ್ಮ ಸಾಲಗಳ ದಾಖಲೆ) ತೆಗೆಯಿರಿ, ವರ್ಷಕ್ಕೊಮ್ಮೆ ಪುಕ್ಕಟೆ, ಯಾರಿಗೂ ಸುಮ್ನೆ ದುಡ್ಡು ಕೊಡಬೇಡಿ. ತುಂಬಾ ಹಳೆ ಸಾಲವಾದರೆ ಅದರಲ್ಲಿ ಸಿಗದೇ ಇರಬಹುದು, ಆಗ ಕಂತು ಕಟ್ ಆಗುತ್ತಿದ್ದ ಖಾತೆಯ ಹಳೆ ಸ್ಟೇಟ್‌ಮೆಂಟ್ ಕೇಳಿ.

ಆರ್‌ಸಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಅಂತಿದ್ದರೆ ಗಾಬರಿ ಬೇಡ, 2020ರ ಏಪ್ರಿಲ್ 1ರಿಂದ ಅದು ಕೆನರಾ ಬ್ಯಾಂಕ್. ವಿಜಯಾ ಬ್ಯಾಂಕ್ ಆದರೆ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿ.

ಸಾಲ ಕೊಟ್ಟವರಲ್ಲಿ ಚಾಸಿ ನಂಬರ್, ಆಧಾರ್ ಕೊಟ್ಟು ಅಗ್ರಿಮೆಂಟಿನ ನಕಲಿಗೆ ಅರ್ಜಿ ಬರೆಯಿರಿ, ಅರ್ಜಿ ತಲುಪಿತೆಂಬ ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ಬಿಡಬೇಡಿ. ಕಾರು ಮಾರುವುದಕ್ಕಾಗಿ ಹುಡುಕುತ್ತಿದ್ದರೆ ಅಗ್ರಿಮೆಂಟಿಗಿಂತ ಎನ್‌ಒಸಿ (ಸಾಲ ಬಾಕಿಯಿಲ್ಲ ಎಂಬ ಪತ್ರ), ಸಾಲ ಕೊಟ್ಟವರ ಸಹಿಯಾದ ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಮುಖ್ಯ. ಅವನ್ನು ನಿಮ್ಮ ಆರ್‌ಟಿಓಗೆ ಕೊಡಬೇಕು, ನಮ್ಮ ಉತ್ತರ ಕನ್ನಡದಲ್ಲಾದರೆ ಗಾಡಿ ನಂಬರಿನಂತೆ: ಕೆಎ 30 ಕಾರವಾರ, 31 ಶಿರಸಿ, 47 ಹೊನ್ನಾವರ. ನನ್ನ ಫೈಲು ಮಳೆಗಾಲದಲ್ಲಿ ಗೆದ್ದಲಿಗೆ ಹೋಗಿತ್ತು, ಶಿರಸಿಯಲ್ಲಿ ಕಪಾಟನ್ನು ನಂಬಬಾರದು!