ಜಾಮ್‌ನಗರದ ಸಮುದ್ರಕ್ಕೆ ಅರ್ಧ ದಿನ ಸಾಕಾ? ಮೊದಲು ತಿಥಿ ನೋಡಿ

ಗಂಗಾವತಿಯಿಂದ ದಸರಾ ರಜೆಗೆ ಹೊರಟು, ಗುಜರಾತಿನ ದ್ವಾರಕಾ, ಸೋಮನಾಥ, ಗಿರ್ ಎಲ್ಲ ಐದು ದಿನದಲ್ಲಿ ಮುಗಿಸಿ, ನಡುವೆ ಜಾಮ್‌ನಗರದ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಅರ್ಧ ದಿನ ಇಟ್ಟರೆ ಸಾಕಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನು ಹಾಕಿದ್ದೂ ಇದೇ ಪ್ಲಾನ್.

ನಾನು ಕಾರಟಗಿಯವನು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ನವೆಂಬರ್ ಬಂತೆಂದರೆ ಭತ್ತದ ಲಾರಿಗಳು ಸಾಲು ನಿಲ್ಲುತ್ತವೆ, ಆಮೇಲೆ ರಜೆಯ ಮಾತೇ ಇಲ್ಲ. ಅದಕ್ಕೇ ದಸರಾ ರಜೆಯನ್ನೇ ಹಿಡಿದಿದ್ದೆ. ಆ ಉದ್ಯಾನದ ನರಾರಾ ಅನ್ನುವ ಜಾಗದಲ್ಲಿ ಜನ ಪ್ಯಾಂಟು ಮಡಚಿಕೊಂಡು ಸಮುದ್ರದ ತಳದ ಮೇಲೆ ನಡೆಯುವ ಫೋಟೋ ನೋಡಿದ್ದೆ. ಒಂಬತ್ತು ವರ್ಷದ ಮಗಳಿಗೆ ಅದನ್ನೇ ತೋರಿಸಿ ಆಸೆ ಹಚ್ಚಿದ್ದೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದಾಗಿನಿಂದ ಅಹಮದಾಬಾದಿನಲ್ಲಿ ಗಾಡಿ ಬದಲಿಸುವವರೆಗೂ ಅವಳು ಎದುರು ಸೀಟಿನವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ನಾವು ಜಾಮ್‌ನಗರದಲ್ಲಿದ್ದ ದಿನ ಸೀಗಿ ಹುಣ್ಣಿಮೆ. ಅದು ಇವತ್ತಿಗೂ ನೆನಪಿರುವುದು ಅವ್ವನಿಂದ. "ಹುಣ್ಣಿಮಿ ದಿನ ಹೊಲಕ್ಕ ಚರಗ ಚೆಲ್ಲೋದು ಬಿಟ್ಟು ಎಲ್ಲಿಗೆ ಹೊಂಟೀರಿ?" ಅಂತ ಬೇಜಾರು ಮಾಡಿಕೊಂಡಿದ್ದಳು. ಪ್ರಯಾಣದ ದಣಿವು, ಎದ್ದಾಗ ಎಂಟು ದಾಟಿತ್ತು. ತಿಂಡಿ ತಿಂದು, ಕಾರು ಮಾಡಿಕೊಂಡು, 60 ಕಿಲೋಮೀಟರ್ ಹತ್ತಿರ ಹೋಗಿ ನರಾರಾ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆಯ ಸುಮಾರು.

ಸಮುದ್ರ ತುಂಬಿ ನಿಂತಿತ್ತು. ದಡದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡವೇ ಕಾಣುತ್ತಿರಲಿಲ್ಲ, ನೀರಿನ ಮೇಲೆ ಬರೀ ಹಸಿರು ತಲೆಗಳು. ಗೇಟಿನಲ್ಲಿದ್ದವರು ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದರು: ನೀರು ಬೆಳಗ್ಗೆ ಇಳಿದಿತ್ತು, ಇನ್ನು ಇಳಿಯುವುದು ಕತ್ತಲಾದ ಮೇಲೆ, ಕತ್ತಲಲ್ಲಿ ಬಿಡುವುದಿಲ್ಲ, ನಾಳೆ ಬೆಳಗ್ಗೆ ಬನ್ನಿ. ನಾಳೆ ಬೆಳಗ್ಗೆ ನಮಗೆ ದ್ವಾರಕಾಕ್ಕೆ ಗಾಡಿ. ಅಲ್ಲಿ ರೂಮು. ಎಲ್ಲಕ್ಕೂ ಮುಂಗಡ ಕೊಟ್ಟಾಗಿತ್ತು. ಮಗಳು ಅದಕ್ಕೆಂದೇ ತಂದಿದ್ದ ಹೊಸ ಶೂ ಹಾಕಿಕೊಂಡು ನಿಂತಿದ್ದಳು. "ಅಪ್ಪಾ, ಈ ನೀರು ಯಾವಾಗ ಹೋಗ್ತೈತಿ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ನನ್ನ ತಪ್ಪು ತಡವಾಗಿ ಎದ್ದದ್ದಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ನಮ್ಮ ಕಡೆಯವರು. ನಮಗೆ ನೀರು ಅಂದರೆ ಡ್ಯಾಮು. ತುಂಗಭದ್ರಾ ಮಳೆಗಾಲದಲ್ಲಿ ತುಂಬುತ್ತದೆ, ಬೇಸಿಗೆಗೆ ತಳ ಕಾಣುತ್ತದೆ. ಇವತ್ತು ಹೋದರೂ ನಾಳೆ ಹೋದರೂ, ಬೆಳಗ್ಗೆ ಹೋದರೂ ಸಂಜೆ ಹೋದರೂ ನೀರು ಅಲ್ಲೇ ಇರುತ್ತದೆ. ಸಮುದ್ರವನ್ನೂ ನಾನು ಹಾಗೇ ಎಣಿಸಿದ್ದೆ. ಉಬ್ಬರ ಇಳಿತ ಅಂತ ಶಾಲೆಯಲ್ಲಿ ಓದಿದ್ದು ಗೊತ್ತು, ಆದರೆ ಅದು ನನ್ನ ಟಿಕೆಟ್‌ಗೆ ಸಂಬಂಧಿಸಿದ್ದು ಅಂತ ಹೊಳೆಯಲಿಲ್ಲ. ಗೋಕರ್ಣಕ್ಕೆ ಎರಡು ಸಲ ಹೋಗಿದ್ದೆ, ಅಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನರಾರಾ ಇರುವುದು ಕಛ್ ಕೊಲ್ಲಿಯಲ್ಲಿ. ಆ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ, ನೀರು ಒತ್ತಿಕೊಂಡು ಏರುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಎರಡು ಆಳೆತ್ತರಕ್ಕಿಂತ ಜಾಸ್ತಿ ಏರಿ ಇಳಿಯುತ್ತದೆ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಮರುದಿನ ಇದೆಲ್ಲ 50 ನಿಮಿಷದಷ್ಟು ತಡವಾಗುತ್ತದೆ, ಚಂದ್ರ ತಡವಾಗಿ ಹುಟ್ಟುವ ಹಾಗೆ. ಅಷ್ಟಮಿಯ ಸುತ್ತಮುತ್ತ ನೀರು ಅಷ್ಟು ದೂರ ಸರಿಯುವುದೇ ಇಲ್ಲ.

ಕಾಲುವೆಯ ಕೊನೆಯ ಭಾಗದ ರೈತ ತನ್ನ ಸರದಿ ಯಾವ ರಾತ್ರಿ ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡೇ ಗದ್ದೆಗೆ ಹೋಗುತ್ತಾನೆ ಅಲ್ವಾ? ಅಷ್ಟನ್ನು ನಾನು ಕೇಳಲಿಲ್ಲ. ಮೊದಲು ರೈಲು, ಆಮೇಲೆ ರೂಮು, ಆಮೇಲೆ ಕಾರು ಅಂತ ಬುಕ್ ಮಾಡಿದೆ. ನೀರಿನ ಹೊತ್ತು ಮೊದಲು ನೋಡಬೇಕಿತ್ತು.

ಮೂರು ವರ್ಷ ಬಿಟ್ಟು ಮತ್ತೆ ಹೋದೆವು, ಅದೇ ದಸರಾ ರಜೆಯಲ್ಲಿ. ಈ ಸಲ ಮೊದಲು ಕ್ಯಾಲೆಂಡರ್ ತೆಗೆದೆ. ಹುಣ್ಣಿಮೆಯಾದ ಮೂರನೇ ದಿನ ಆರಿಸಿದೆ. ನೀರು ಇನ್ನೂ ಚೆನ್ನಾಗಿ ಸರಿಯುತ್ತದೆ, ಇಳಿತವೂ ಬೆಳಗಿನ ಒಳ್ಳೆಯ ಹೊತ್ತಿಗೆ ಬರುತ್ತದೆ. ಏಳು ಗಂಟೆಗೆಲ್ಲ ದಡದಲ್ಲಿದ್ದೆವು. ನೀರು ಹಿಂದೆ ಸರಿದಂತೆ ನಾವೂ ಗೈಡ್ ಹಿಂದೆ ನಡೆದೆವು.

ಆ ಬೆಳಗನ್ನು ಹೇಗೆ ಹೇಳಲಿ! ಕಣ್ಣು ಮುಟ್ಟುವವರೆಗೆ ಒದ್ದೆ ಕಲ್ಲು, ನಡುನಡುವೆ ಮೊಣಕಾಲು ಮುಳುಗದ ಗುಂಡಿಗಳು. ಒಂದು ಗುಂಡಿಯಲ್ಲಿ ಸೇವಂತಿಗೆ ಹೂವಿನಂಥದ್ದು ಅರಳಿಕೊಂಡಿತ್ತು, ನಮ್ಮ ನೆರಳು ಬೀಳುತ್ತಲೇ ಒಳಗೆ ಸೇದಿಕೊಂಡಿತು. ಅದು ಹೂವಲ್ಲ, ಸೀ ಅನಿಮೋನ್ ಅನ್ನುವ ಪ್ರಾಣಿ. ಮಗಳು ಒಂದು ಕಲ್ಲನ್ನೇ ನೋಡುತ್ತಾ ಕೂತಳು. ಕಲ್ಲು ಉಸಿರಾಡುತ್ತಿತ್ತು. ನೋಡನೋಡುತ್ತಲೇ ಕಂದು ಹೋಗಿ ಬೂದಿ ಬಣ್ಣಕ್ಕೆ ತಿರುಗಿ, ಎಂಟು ಕಾಲು ಬಿಚ್ಚಿ ಸರಕ್ಕನೆ ಸಂದಿಗೆ ನುಸುಳಿತು. ಆಕ್ಟೋಪಸ್. ಅವಳಿಗಾಗ ಹನ್ನೆರಡು, ಆದರೂ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಈಗ ನಿಮ್ಮ ಪ್ರಶ್ನೆ. ಅರ್ಧ ದಿನವೋ ಒಂದು ದಿನವೋ ಅನ್ನುವ ಲೆಕ್ಕವೇ ಸರಿಯಲ್ಲ. ನಡೆಯುವುದಕ್ಕೆ ಮೂರು ಗಂಟೆ ಸಾಕು, ಆದರೆ ಆ ಮೂರು ಗಂಟೆ ಯಾವುದು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಜಾಮ್‌ನಗರದಲ್ಲಿ ಮೂರು ರಾತ್ರಿ ಉಳಿಯಿರಿ, ಒಂದು ಬೆಳಗು ತಪ್ಪಿದರೆ ಇನ್ನೊಂದು ಇರುತ್ತದೆ. ಸೋಮನಾಥ ಬಿಡಿ. ಗಿರ್ ಕೂಡ ಬಿಡಿ. ಅದು ಹೇಗೂ ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಮುಚ್ಚಿರುತ್ತದೆ, ನಿಮ್ಮ ರಜೆಯ ಅರ್ಧ ಅದರಲ್ಲೇ ಹೋಗುತ್ತದೆ. ದ್ವಾರಕಾ ಬೇಕಿದ್ದರೆ ಕೊನೆಗೆ ಇಟ್ಟುಕೊಳ್ಳಿ. ಹೋಟೆಲ್ ಯಾವುದಾದರೂ ಆದೀತು, ಬೆಳಗ್ಗೆ ಐದಕ್ಕೆ ಗೇಟು ತೆಗೆಯುತ್ತಾರಾ ಅಂತ ಮಾತ್ರ ಕೇಳಿ.

ಮೊಬೈಲ್‌ನಲ್ಲಿ ಅದೇ ಕರಾವಳಿಯ ಸಿಕ್ಕಾ ಅಥವಾ ಓಖಾ ಬಂದರಿನ ಟೈಡ್ ಟೈಮ್, ಅಂದರೆ ಉಬ್ಬರ ಇಳಿತದ ಹೊತ್ತು, ಹುಡುಕಿ. ಇಳಿತದ ಹೊತ್ತಿನ ಜೊತೆ ಎತ್ತರವನ್ನೂ ನೋಡಿ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಆ ಹೊತ್ತಿಗಿಂತ ಎರಡು ಗಂಟೆ ಮೊದಲು ದಡದಲ್ಲಿರಿ. ಗೈಡ್ ತಿರುಗಿ ಅಂದ ಕೂಡಲೇ ತಿರುಗಿ, ಇನ್ನೊಂದು ಫೋಟೋ ಅಂತ ನಿಲ್ಲಬೇಡಿ. ನೀರು ವಾಪಸ್ ಬರುವುದು ಬೇಗ. ಅರಣ್ಯ ಇಲಾಖೆಯ ಪರವಾನಗಿ ಬೇಕು, ಎಲ್ಲರ ಗುರುತಿನ ಚೀಟಿ ಇಟ್ಟುಕೊಳ್ಳಿ. ಚಪ್ಪಲಿ ಬೇಡವೇ ಬೇಡ. ಗಟ್ಟಿ ತಳದ ಹಳೆಯ ಶೂ ಹಾಕಿ, ಹವಳದ ಕಲ್ಲು ಪಾದ ಕುಯ್ಯುತ್ತದೆ.

ಇನ್ನೊಂದು ಮಾತು ಕೇಳಿಕೊಳ್ಳುತ್ತೇನೆ. ಪಫರ್ ಮೀನನ್ನು ಎತ್ತಿ ತೋರಿಸು ಅಂತ ಯಾರನ್ನೂ ಒತ್ತಾಯಿಸಬೇಡಿ. ಅದು ಚೆಂಡಿನ ಹಾಗೆ ಉಬ್ಬುವುದು ಜೀವಭಯಕ್ಕೆ. ಹವಳದ ಒಂದು ಚೂರನ್ನೂ ಜೇಬಿಗೆ ಹಾಕಬೇಡಿ, ಸತ್ತು ಬೆಳ್ಳಗಾಗಿದ್ದರೂ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. 1982ರಲ್ಲಿ ಆದ ಈ ಉದ್ಯಾನ ನಮ್ಮ ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನ. ಇಂಥ ಜೀವಿಗಳನ್ನು ಉಸಿರು ಕಟ್ಟದೆ, ನಡೆದುಕೊಂಡು ಹೋಗಿ ನೋಡುವ ಜಾಗ ನಮಗೆ ಬೇರೆ ಎಷ್ಟಿವೆ ಹೇಳಿ?

ರೈಲು ಟಿಕೆಟ್ ಇನ್ನೂ ಮಾಡಿಸಿಲ್ಲ ಅಂದಿದ್ದೀರಿ. ಒಳ್ಳೆಯದಾಯಿತು. ನಿಮ್ಮ ಮಕ್ಕಳ ರಜೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಕೆಳಗೆ ಬರೆಯಿರಿ. ಯಾವ ಬೆಳಗು ನೀರು ಸರಿಯುತ್ತದೆ ಅಂತ ನೋಡಿ ಇವತ್ತೇ ತಿಳಿಸುತ್ತೇನೆ.