ಓದುಗರ ಪ್ರಶ್ನೆ, ನಮ್ಮ ಉತ್ತರ: ವ್ಯವಹಾರದ ಪತ್ರಕ್ಕೆ ಸರಳ ಇಂಗ್ಲಿಷ್

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಬರೆಯುವ ವ್ಯವಹಾರದ ಪತ್ರ, ಕೊಟೇಶನ್, ಸೂಚನಾಪತ್ರಗಳ ಕುರಿತು. ಉದಾಹರಣೆಯ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಬಾಯಿಬಿಟ್ಟು ಓದಿ; ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ವಾಕ್ಯ ಉದ್ದವಾಗಿದೆ ಎಂದು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ದಾಲ್ ಮಿಲ್ಲು. ಹೊರರಾಜ್ಯದ ವ್ಯಾಪಾರಿಗೆ ತೊಗರಿ ಬ್ಯಾಳಿ ಕಳಿಸೀವಿ, ರೊಕ್ಕ ಬಂದಿಲ್ಲ. ಪತ್ರದ ಮ್ಯಾಲ ಪತ್ರ ಬರೆದ್ರೂ ಜವಾಬಿಲ್ಲ. ಬರದದ್ದು ಹಿಂಗದ: “ವಿತ್ ಡ್ಯೂ ರೆಸ್ಪೆಕ್ಟ್ ವಿ ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್ ದಟ್ ಅವರ್ ಪೇಮೆಂಟ್ ಈಸ್ ಪೆಂಡಿಂಗ್ ಸಿನ್ಸ್ ಲಾಂಗ್. ಕೈಂಡ್ಲಿ ಡು ದ ನೀಡ್‌ಫುಲ್.” ಎಲ್ಲಿ ತಪ್ಪಾಗ್ಯಾದ್ರಿ?
— ಮಿಲ್ ಮಾಲೀಕರು, ಕಲಬುರಗಿ

ನಿಮ್ಮ ಪತ್ರ ಸೋತದ್ದು ಇಂಗ್ಲಿಷಿನಿಂದಲ್ಲ, ಅದರಲ್ಲಿ ವಿವರವೇ ಇಲ್ಲದ್ದರಿಂದ. ಬಿಲ್ ನಂಬರ್ ಇಲ್ಲ, ಮೊತ್ತ ಇಲ್ಲ, ಯಾವ ತಾರೀಖಿನೊಳಗೆ ಕೊಡಬೇಕು ಎಂಬುದೂ ಇಲ್ಲ. ಆ ಕಡೆ ಪತ್ರ ತೆರೆಯುವವರು ಬಹುತೇಕ ಅಕೌಂಟ್ಸ್ ನೋಡುವ ಗುಮಾಸ್ತರು. ನಿಮ್ಮ ಬಿಲ್ಲನ್ನು ಅವರೇ ಹುಡುಕಿ ತೆಗೆಯಬೇಕಾದರೆ ಪತ್ರ ಪಕ್ಕಕ್ಕೆ ಹೋಗುತ್ತದೆ. ಹುಡುಕುವ ಕೆಲಸವನ್ನು ನೀವೇ ಮಾಡಿಕೊಡಿ.

ವಿಷಯದ ಸಾಲಿನಲ್ಲೇ ಬಿಲ್ಲು, ಮೊತ್ತ, ತಾರೀಖು ಬರಲಿ: “ಇನ್‌ವಾಯ್ಸ್ 118: ರೂ. 3,42,000, ಡ್ಯೂ 10 ಜೂನ್.” ಒಳಗಿನ ಮೊದಲ ವಾಕ್ಯ ನಿಮ್ಮ ಬೇಡಿಕೆ: “ಪ್ಲೀಸ್ ಪೇ ರೂ. 3,42,000 ಬೈ 25 ಜೂನ್.” ಆಮೇಲೆ ಆಧಾರ: ಯಾವ ಮಾಲು, ಎಷ್ಟು, ಯಾವ ದರ, ಯಾವಾಗ ಮುಟ್ಟಿತು. ಉದಾಹರಣೆಗೆ 30 ಕಿಲೋದ 100 ಚೀಲ, ಅಂದರೆ 30 ಕ್ವಿಂಟಲ್ ಬೇಳೆ, ಕ್ವಿಂಟಲಿಗೆ 11,400 ರೂಪಾಯಿ. ಮಾಲು ಮುಟ್ಟಿದ್ದು ಮೇ 11. ಒಪ್ಪಿದ ಗಡುವು 30 ದಿನ, ಹಾಗಾಗಿ ಹಣ ಬರಬೇಕಿದ್ದದ್ದು ಜೂನ್ 10ಕ್ಕೆ. ಲಾರಿ ರಸೀದಿಯ ನಂಬರ್ ಬರೆಯಿರಿ. ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಕೋಡ್ ಬಿಲ್ಲಿನಲ್ಲಿ ಇದ್ದರೂ ಇಲ್ಲಿ ಮತ್ತೆ ಬರೆಯಿರಿ. ಬಿಲ್ಲಿನ ಪ್ರತಿಯನ್ನು ಅದೇ ಮೇಲ್‌ಗೆ ಲಗತ್ತಿಸಿ. ಕೊನೆಗೆ ಒಂದು ಸಾಲು: “ಇಫ್ ಯು ಹ್ಯಾವ್ ಪೇಯ್ಡ್, ಪ್ಲೀಸ್ ಸೆಂಡ್ ದ ಯುಟಿಆರ್ ನಂಬರ್.” ಯುಟಿಆರ್ ಅಂದರೆ ಬ್ಯಾಂಕ್ ವರ್ಗಾವಣೆಯ ಗುರುತಿನ ನಂಬರ್. ಹಣ ಕಳಿಸಿದ್ದೂ ನಿಮ್ಮ ಲೆಕ್ಕಕ್ಕೆ ಜಮೆಯಾಗದೆ ಉಳಿದಿದ್ದರೆ ಈ ಸಾಲಿನಿಂದ ಜಗಳ ತಪ್ಪುತ್ತದೆ.

“ಪೆಂಡಿಂಗ್ ಸಿನ್ಸ್ ಲಾಂಗ್” ಎಂಬುದನ್ನು ಪೂರ್ತಿ ಬಿಡಿ. “5 ಡೇಸ್ ಓವರ್‌ಡ್ಯೂ” ಅಂದರೆ ವಾದಕ್ಕೆ ಜಾಗವಿಲ್ಲ. ಫೋನಿನಲ್ಲಿ ಅವರು ಏನಾದರೂ ಒಪ್ಪಿಕೊಂಡರೆ ಅದೇ ದಿನ ಮೇಲ್ ಹಾಕಿ: “ಆನ್ ದ ಫೋನ್ ಟುಡೇ, ಯು ಅಗ್ರೀಡ್ ಟು ಪೇ ರೂ. 1,50,000 ಬೈ 20 ಜೂನ್ ಅಂಡ್ ದ ಬ್ಯಾಲೆನ್ಸ್ ಬೈ 5 ಜುಲೈ.” ನಮ್ಮ ಗಂಜಿನ (ಧಾನ್ಯ ಮಾರುಕಟ್ಟೆಯ) ವ್ಯವಹಾರ ಬಾಯಿಮಾತಿನ ನಂಬಿಕೆಯ ಮೇಲೆ ನಡೆದದ್ದು, ಅದು ದೊಡ್ಡ ಗುಣ. ಆದರೆ ಹೊರರಾಜ್ಯದ ಕಂಪನಿಯಲ್ಲಿ ಇವತ್ತು ಮಾತಾಡಿದವರು ಮುಂದಿನ ತಿಂಗಳು ಆ ಕುರ್ಚಿಯಲ್ಲಿ ಇರಲಿಕ್ಕಿಲ್ಲ. ಬರೆದದ್ದು ಮಾತ್ರ ಫೈಲಿನಲ್ಲಿ ಉಳಿಯುತ್ತದೆ.

ಮೊದಲ ಪತ್ರದಲ್ಲಿ ಕಾನೂನಿನ ಮಾತು ಬೇಡ. ಎರಡನೆಯದರಲ್ಲಿ ತರಬಹುದು. ನಿಮ್ಮ ಮಿಲ್ಲು ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿಯಾದ ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕವಾಗಿದ್ದರೆ, 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ 15ನೇ ಕಲಂ ನಿಮ್ಮ ಬೆನ್ನಿಗಿದೆ. ಲಿಖಿತ ಒಪ್ಪಂದ ಇದ್ದರೂ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ 16ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದನ್ನು ಬೆದರಿಕೆಯ ದನಿಯಲ್ಲಿ ಬರೆಯಬೇಡಿ: “ಅಂಡರ್ ಸೆಕ್ಷನ್ಸ್ 15 ಅಂಡ್ 16 ಆಫ್ ದಿ ಎಂಎಸ್‌ಎಂಇಡಿ ಆಕ್ಟ್, 2006, ಇಂಟರೆಸ್ಟ್ ಈಸ್ ಪೇಯಬಲ್ ಆನ್ ದಿಸ್ ಬಿಲ್.” ಇಷ್ಟೇ ಸಾಕು. ಮಾಲು ಕೊಂಡು ಹಾಗೇ ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ಬಡ್ಡಿಯ ರಕ್ಷಣೆ ಸಿಗುವುದಿಲ್ಲ. ಅಂಥವರು ಈ ಸಾಲು ಬರೆದರೆ ಪತ್ರದ ತೂಕವೇ ಹೋಗುತ್ತದೆ.

ಪ್ರಶ್ನೆ: ಇಷ್ಟು ನೇರವಾಗಿ ಬರೆದರೆ ಮರ್ಯಾದೆ ಕೊಟ್ಟಿಲ್ಲ ಅನ್ನಿಸುವುದಿಲ್ಲವೇ? ನಮ್ಮ ಹಿರಿಯ ಲೆಕ್ಕಿಗರು ಪತ್ರ ಭಾರವಾಗಿರಬೇಕು ಅನ್ನುತ್ತಾರೆ.
— ಕಚೇರಿ ಸಹಾಯಕಿ, ಯಾದಗಿರಿ

ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಕೂತಿರುತ್ತದೆ. “ಕಳಿಸಿರಿ” ಅಂದರೆ ಸಾಕು. ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ ಅನ್ನಿಸಿ ನಾವು “ರೆಸ್ಪೆಕ್ಟೆಡ್”, “ಕೈಂಡ್ಲಿ”, “ಯುವರ್ ಗುಡ್‌ಸೆಲ್ಫ್”, “ಐ ಬೆಗ್ ಟು ಸ್ಟೇಟ್” ಎಂದು ಪೇರಿಸುತ್ತೇವೆ. ಒಂದು “ಪ್ಲೀಸ್”, ಸರಿಯಾಗಿ ಬರೆದ ಹೆಸರು, ಕೊನೆಗೊಂದು “ಥ್ಯಾಂಕ್ ಯು”: ಇಂಗ್ಲಿಷಿನ ಮರ್ಯಾದೆ ಇಷ್ಟರಲ್ಲೇ ಮುಗಿಯುತ್ತದೆ. ಓದುವವರ ಸಮಯ ಉಳಿಸುವುದೂ ಮರ್ಯಾದೆಯೇ.

ಭಾರವಾದ ಇಂಗ್ಲಿಷನ್ನು ಇಂಗ್ಲಿಷರೇ ಬಿಡುತ್ತಿದ್ದಾರೆ ಎಂದು ನಿಮ್ಮ ಹಿರಿಯರಿಗೆ ಹೇಳಿ. ಬ್ರಿಟನ್ನಿನಲ್ಲಿ 1979ರಲ್ಲೇ ಸರಳ ಇಂಗ್ಲಿಷಿಗಾಗಿ ಚಳವಳಿ ಶುರುವಾಯಿತು. ಅಮೆರಿಕದ ಷೇರುಪೇಟೆ ನಿಯಂತ್ರಕರು 1998ರಲ್ಲಿ ಹೂಡಿಕೆದಾರರಿಗೆ ಕೊಡುವ ಪ್ರಾಸ್ಪೆಕ್ಟಸ್‌ನ ಮುಖ್ಯ ಭಾಗಗಳು ಸರಳ ಇಂಗ್ಲಿಷಿನಲ್ಲೇ ಇರಬೇಕೆಂದು ನಿಯಮ ಮಾಡಿದರು. 2010ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳಿಗೂ ಅದೇ ಬಗೆಯ ಕಾಯ್ದೆ ಬಂತು. 2023ರಲ್ಲಿ ಸರಳ ಭಾಷೆಗೆ ಐಎಸ್‌ಒ 24495-1 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಪ್ರಕಟವಾಗಿದೆ. ಓದುಗರಿಗೆ ಬೇಕಾದದ್ದು ಅದರಲ್ಲಿರಬೇಕು, ಅದು ಸುಲಭವಾಗಿ ಸಿಗಬೇಕು, ಅರ್ಥವಾಗಬೇಕು, ಅದನ್ನು ಬಳಸಿ ಕೆಲಸ ಮಾಡಲು ಬರಬೇಕು. ಆ ಮಾನದಂಡ ಕೇಳುವುದು ಈ ನಾಲ್ಕನ್ನೇ.

ಇನ್ನೊಂದು ಮಾತು. ರಾಜ್ಯ ಸರ್ಕಾರದ ಕಚೇರಿಗೆ ಬರೆಯುವುದಾದರೆ ಇಂಗ್ಲಿಷ್ ಯಾಕೆ? 1963ರ ರಾಜ್ಯಭಾಷಾ ಕಾಯ್ದೆಯಿಂದ ಕನ್ನಡವೇ ಆಡಳಿತ ಭಾಷೆ. ಅಲ್ಲಿ ಕನ್ನಡದಲ್ಲೇ ಬರೆಯಿರಿ. “ವಿಷಯ”, “ಉಲ್ಲೇಖ” ಎಂಬ ಎರಡು ಸಾಲುಗಳನ್ನು ಮಾತ್ರ ಬಿಡಬೇಡಿ. ಅವು ಅಲಂಕಾರವಲ್ಲ, ಪತ್ರ ಯಾವ ಟೇಬಲ್ಲಿಗೆ, ಯಾವ ಕಡತಕ್ಕೆ ಹೋಗಬೇಕೆಂದು ಅವುಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಪ್ರಶ್ನೆ: ಬಿದರಿ ಸಾಮಾನು ಮಾಡ್ತೀವಿ. ವಿದೇಶದ ಅಂಗಡಿಯವರು ಇಂಗ್ಲಿಷಿನಾಗ ಕೊಟೇಶನ್ ಕೇಳ್ಯಾರ. ಏನೇನು ಬರೀಬೇಕು?
— ಕುಶಲಕರ್ಮಿ, ಬೀದರ್

ನಿಮ್ಮ ಕಸುಬಿಗೆ ಹೊಗಳಿಕೆಯ ಮಾತು ಬೇಕಿಲ್ಲ. “ಎಕ್ಸ್‌ಕ್ವಿಸಿಟ್”, “ವರ್ಲ್ಡ್ ಕ್ಲಾಸ್” ಎಂದು ತುಂಬಿಸುವ ಜಾಗದಲ್ಲಿ ಕೊಳ್ಳುವವರಿಗೆ ನಿಜವಾಗಿ ಬೇಕಾದದ್ದನ್ನು ಇಡಿ. ಲೋಹ ಯಾವುದು: “ಜಿಂಕ್ ಅಂಡ್ ಕಾಪರ್ ಅಲಾಯ್, ಇನ್‌ಲೇಯ್ಡ್ ವಿತ್ ಸಿಲ್ವರ್ ವೈರ್.” ಬರೀ “ಸಿಲ್ವರ್ ವಾಸ್” ಎಂದು ಬರೆದರೆ ಇಡೀ ಹೂದಾನಿ ಬೆಳ್ಳಿಯದು ಎಂದು ತಿಳಿಯುತ್ತಾರೆ, ಮಾಲು ಮುಟ್ಟಿದ ಮೇಲೆ ತಕರಾರು ತೆಗೆಯುತ್ತಾರೆ. ಕಪ್ಪು ಬಣ್ಣ ಹೇಗೆ ಬಂತೆಂದು ಒಂದೇ ವಾಕ್ಯದಲ್ಲಿ ಹೇಳಿ: ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಮೂಲ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳಪು ಬಿಡುವುದಿಲ್ಲ. ಅದು ಬಳಿದ ಬಣ್ಣ ಅಲ್ಲವೆಂದು ಅವರಿಗೆ ಗೊತ್ತಾಗಲೇಬೇಕು. ಎತ್ತರ, ಅಗಲ ಸೆಂಟಿಮೀಟರಿನಲ್ಲಿ, ತೂಕ ಗ್ರಾಮಿನಲ್ಲಿ. ಕೈಕೆಲಸವಾದ್ದರಿಂದ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬುದನ್ನೂ ಮೊದಲೇ ಹೇಳಿ. ಬಿದರಿಗೆ ಭೌಗೋಳಿಕ ಸೂಚಕದ (ಜಿಐ) ನೋಂದಣಿ ಇದೆ. ಅಧಿಕೃತ ಬಳಕೆದಾರರಾಗಿ ನೀವು ನೋಂದಾಯಿಸಿಕೊಂಡಿದ್ದರೆ ಆ ನಂಬರ್ ಕೊಡಿ, ಇಲ್ಲದಿದ್ದರೆ ಜಿಐ ಗುರುತು ಹಾಕಬೇಡಿ.

ಹಣದ ಭಾಗದಲ್ಲೇ ಹೆಚ್ಚು ಎಡವಟ್ಟು. ದರ ಒಂದಕ್ಕೋ ಜೋಡಿಗೋ, ಯಾವ ಕರೆನ್ಸಿ, ಎಷ್ಟು ದಿನ ಈ ದರ ಊರ್ಜಿತ? ಬೆಳ್ಳಿಯ ಬೆಲೆ ಏರಿಳಿಯುವಾಗ “ವ್ಯಾಲಿಡ್ ಅಂಟಿಲ್ 31 ಆಗಸ್ಟ್” ಎಂಬ ಸಾಲು ಇಲ್ಲದ ಕೊಟೇಶನ್ ನಿಮ್ಮನ್ನೇ ಕಟ್ಟಿಹಾಕುತ್ತದೆ. ಲಕ್ಷ, ಕೋಟಿ ಅವರಿಗೆ ತಿಳಿಯದು. 1,50,000 ಎಂಬ ಅಲ್ಪವಿರಾಮ ಕೂಡ ಗೊಂದಲ ಮಾಡುತ್ತದೆ, 150,000 ಎಂದು ಬರೆಯಿರಿ. ತಾರೀಖನ್ನು 04/05 ಎಂದು ಬರೆದರೆ ನಮಗದು ಮೇ 4, ಅಮೆರಿಕದವರಿಗೆ ಏಪ್ರಿಲ್ 5. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

“ಡೆಲಿವರಿ ಇನ್ 6 ವೀಕ್ಸ್” ಅಂದರೆ ಯಾವಾಗಿನಿಂದ ಆರು ವಾರ? “6 ವೀಕ್ಸ್ ಆಫ್ಟರ್ ವಿ ರಿಸೀವ್ ದಿ ಅಡ್ವಾನ್ಸ್” ಎಂದಾಗಬೇಕು. ಮತ್ತು ಆ ಆರು ವಾರಕ್ಕೆ ಮಾಲು ನಿಮ್ಮ ಕೈ ಬಿಡುತ್ತದೋ, ಅವರ ಕೈ ಸೇರುತ್ತದೋ? ಇದಕ್ಕಾಗಿಯೇ ಇನ್‌ಕೋಟರ್ಮ್ಸ್ ಎಂಬ ಅಂತರರಾಷ್ಟ್ರೀಯ ಸಂಕೇತಗಳಿವೆ. ಅಭ್ಯಾಸಬಲದಿಂದ ಎಲ್ಲರೂ “ಎಫ್‌ಒಬಿ” (ಹಡಗಿಗೆ ಏರಿಸುವವರೆಗೆ ಮಾರುವವರ ಹೊಣೆ) ಎಂದು ಬರೆಯುತ್ತಾರೆ, ಆದರೆ ಅದು ಹಡಗಿನ ಸಾಗಣೆಗೆ ಮಾತ್ರ. ವಿಮಾನದಲ್ಲಿ ಕಳಿಸುವುದಾದರೆ “ಎಫ್‌ಸಿಎ ಹೈದರಾಬಾದ್ ಏರ್‌ಪೋರ್ಟ್, ಇನ್‌ಕೋಟರ್ಮ್ಸ್ 2020” ಸರಿ. ಅಲ್ಲಿ ಅವರ ಸಾಗಣೆದಾರರಿಗೆ ಒಪ್ಪಿಸುವವರೆಗಿನ ಖರ್ಚು ಮತ್ತು ಹೊಣೆ ನಿಮ್ಮದು, ಮುಂದಿನದು ಅವರದು. ಜಾಗದ ಹೆಸರು ಬರೆಯದೆ ಬರೀ ಮೂರಕ್ಷರ ಬರೆದರೆ ಪ್ರಯೋಜನವಿಲ್ಲ.

ಪ್ರಶ್ನೆ: ವ್ಯಾಕರಣ ಬರುತ್ತದೆ, ಆದರೂ ನನ್ನ ಇಂಗ್ಲಿಷ್ ವಾಕ್ಯಗಳು ಮುಗಿಯುವುದೇ ಇಲ್ಲ. ಯಾಕೆ?
— ಬಿ.ಕಾಂ. ವಿದ್ಯಾರ್ಥಿನಿ, ಶಹಾಪುರ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೀರಿ, ಅದಕ್ಕೆ. “ಮಾಲು ಬಂದು, ಎಣಿಸಿ ನೋಡಿ, ಹರಿದ ಚೀಲ ಸಿಕ್ಕು...” ಎಂದು ಕನ್ನಡ ಸರಾಗವಾಗಿ ಹರಿಯುತ್ತದೆ, ಕೇಳಬೇಕಾದ್ದು ಕೊನೆಗೆ ಬರುತ್ತದೆ. ಕನ್ನಡದ ಕಿವಿ ಕೊನೆಯ ಕ್ರಿಯಾಪದಕ್ಕೆ ಕಾಯುತ್ತದೆ. ಇಂಗ್ಲಿಷ್ ಓದುಗರು ಕಾಯುವುದಿಲ್ಲ. ಯಾರು, ಏನು ಮಾಡಿದರು ಎಂಬುದು ಅವರಿಗೆ ಮೊದಲೇ ಬೇಕು. ಕನ್ನಡದ ಆ ಓಟವನ್ನೇ ಇಂಗ್ಲಿಷಿಗೆ ಹೊತ್ತರೆ ಹೀಗಾಗುತ್ತದೆ: “ದ ಮೆಟೀರಿಯಲ್ ಸೆಂಟ್ ಬೈ ಯು ಹ್ಯಾವಿಂಗ್ ಬೀನ್ ರಿಸೀವ್ಡ್ ಅಂಡ್ ಚೆಕ್ಡ್ ಅಂಡ್ ಸಮ್ ಬ್ಯಾಗ್ಸ್ ಬೀಯಿಂಗ್ ಫೌಂಡ್ ಟಾರ್ನ್, ಕೈಂಡ್ಲಿ ಅರೇಂಜ್ ಫಾರ್ ದ ಸೇಮ್.” ಎಷ್ಟು ಚೀಲ, ಏನು ಅರೇಂಜ್ ಮಾಡಬೇಕು, ಯಾವಾಗ? ತುಂಡು ಮಾಡಿ, ಬೇಡಿಕೆಯನ್ನು ಮುಂದೆ ತನ್ನಿ: “ಪ್ಲೀಸ್ ಸೆಂಡ್ 7 ರೀಪ್ಲೇಸ್‌ಮೆಂಟ್ ಬ್ಯಾಗ್ಸ್ ಬೈ 20 ಮೇ. ವಿ ರಿಸೀವ್ಡ್ 100 ಬ್ಯಾಗ್ಸ್ ಆನ್ 8 ಮೇ. ಸೆವೆನ್ ವರ್ ಟಾರ್ನ್.”

ಸರಾಸರಿ 15ರಿಂದ 20 ಪದಕ್ಕೊಂದು ವಾಕ್ಯ ಎಂಬುದು ಒಳ್ಳೆಯ ಅಂದಾಜು. ಎಲ್ಲವೂ ಅಷ್ಟೇ ಇರಬೇಕೆಂದಲ್ಲ. 30 ದಾಟಿದರೆ “ಅಂಡ್” ಅಥವಾ “ವಿಚ್” ಇರುವಲ್ಲಿ ಮುರಿಯಿರಿ.

ಕರ್ಮಣಿ ಪ್ರಯೋಗ ಪೂರ್ತಿ ಬಿಡಬೇಕೆಂದು ಕೆಲವರು ಕಲಿಸುತ್ತಾರೆ, ನಾವು ಒಪ್ಪುವುದಿಲ್ಲ. “ಇಟ್ ಹ್ಯಾಸ್ ಬೀನ್ ಡಿಸೈಡೆಡ್” ಎಂಬಲ್ಲಿ ನಿರ್ಧರಿಸಿದವರು ಮರೆಯಾಗುತ್ತಾರೆ, ಅದು ತಪ್ಪು. “ಯು ಹ್ಯಾವ್ ನಾಟ್ ಪೇಯ್ಡ್” ಎಂದು ಬೆರಳು ತೋರಿಸುವ ಬದಲು “ದ ಬಿಲ್ ಹ್ಯಾಸ್ ನಾಟ್ ಬೀನ್ ಪೇಯ್ಡ್” ಎಂದರೆ ಸಂಬಂಧ ಉಳಿಯುತ್ತದೆ, ಅದು ಸರಿ.

ಪ್ರಶ್ನೆ: ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರ ಮೇಲ್ವಿಚಾರಕ. ಕನ್ವೇಯರ್ ಬೆಲ್ಟ್ ಸ್ವಚ್ಛ ಮಾಡುವ ಸೂಚನಾಪತ್ರ ಇಂಗ್ಲಿಷಿನಲ್ಲಿ ಬರೆಯಲು ಹೇಳಿದ್ದಾರೆ.
— ಸೇಡಂ

ಈ ಕಾಗದ ತಪ್ಪಾದರೆ ಕೈಕಾಲು ಹೋಗುತ್ತದೆ, ಆದ್ದರಿಂದ ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಒಂದು ಹೆಜ್ಜೆಗೆ ಒಂದೇ ಕೆಲಸ, ಪ್ರತಿ ಹೆಜ್ಜೆಗೂ ನಂಬರ್. ವಾಕ್ಯ ಕ್ರಿಯಾಪದದಿಂದ ಶುರುವಾಗಲಿ: “ಸ್ಟಾಪ್ ದ ಬೆಲ್ಟ್.” “ಸ್ವಿಚ್ ಆಫ್ ದಿ ಐಸೊಲೇಟರ್” (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್). “ಲಾಕ್ ದಿ ಐಸೊಲೇಟರ್.” “ಕೀಪ್ ದ ಕೀ ವಿತ್ ಯು.” “ಪ್ರೆಸ್ ಸ್ಟಾರ್ಟ್ ಟು ಚೆಕ್ ದಟ್ ದ ಬೆಲ್ಟ್ ಡಸ್ ನಾಟ್ ಮೂವ್.” ಇದಾದ ಮೇಲೆಯೇ “ರಿಮೂವ್ ದ ಗಾರ್ಡ್”, ಅಂದರೆ ಬೆಲ್ಟಿನ ರಕ್ಷಣಾ ಮುಚ್ಚಳ ತೆಗೆಯುವ ಹೆಜ್ಜೆ. “ಬೆಲ್ಟ್ ನಿಲ್ಲಿಸಿದ ಮೇಲೆ ಗಾರ್ಡ್ ತೆಗೆಯಬಹುದು” ಎಂಬ ಒಂದೇ ವಾಕ್ಯದಲ್ಲಿ ಬೀಗ ಹಾಕುವ, ಪರೀಕ್ಷಿಸುವ ಹೆಜ್ಜೆಗಳು ನುಂಗಿಹೋಗುತ್ತವೆ.

ಎಚ್ಚರಿಕೆಯನ್ನು ಆ ಹೆಜ್ಜೆಗಿಂತ ಮೊದಲು ಬರೆಯಿರಿ. ಕೆಳಗೆ ಟಿಪ್ಪಣಿಯಾಗಿ ಹಾಕಿದರೆ ಓದುವ ಹೊತ್ತಿಗೆ ಕೈ ಒಳಗೆ ಹೋಗಿರುತ್ತದೆ. ಷರತ್ತೂ ಮೊದಲೇ ಬರಬೇಕು: “ಇಫ್ ದ ಬೆಲ್ಟ್ ಮೂವ್ಸ್, ಡು ನಾಟ್ ಟಚ್ ದ ಗಾರ್ಡ್. ಕಾಲ್ ದಿ ಎಲೆಕ್ಟ್ರಿಷಿಯನ್.” “ಶಲ್”, “ಶುಡ್” ಬೇಡ. ಮಾಡಲೇಬೇಕಾದ್ದಕ್ಕೆ “ಮಸ್ಟ್”, ಮಾಡಲೇಬಾರದ್ದಕ್ಕೆ “ಡು ನಾಟ್”.

ಇಂಗ್ಲಿಷ್ ಪ್ರತಿ ಆಡಿಟ್‌ಗೆ ಇರಲಿ, ಬೆಲ್ಟ್ ಪಕ್ಕದ ಗೋಡೆಗೆ ಕನ್ನಡ ಮತ್ತು ಹಿಂದಿಯದು ಬೇಕು. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಆಡುವವರೂ ಇರುವುದರಿಂದ ಪ್ರತಿ ಹೆಜ್ಜೆಗೂ ಚಿತ್ರ ಸೇರಿಸಿ. ಬರೆದಾದ ಮೇಲೆ ಹೊಸ ಕಾರ್ಮಿಕರೊಬ್ಬರಿಗೆ ಕೊಟ್ಟು, ಕರೆಂಟ್ ಬಂದ್ ಇರುವಾಗ ಮಾಡಿ ತೋರಿಸಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ.

ಪ್ರಶ್ನೆ: ಮೊಬೈಲಿನ ಎಐ ಆ್ಯಪ್‌ನಿಂದ ಪತ್ರ ಬರೆಸಬಹುದೇ?
— ಕಿರಾಣಿ ಸಗಟು ವ್ಯಾಪಾರಿ, ಹುಮನಾಬಾದ್

ಬರೆಸಬಹುದು. ವಿವರ ನೀವೇ ಕೊಡಬೇಕು: ಯಾರಿಗೆ, ಏನು ಬೇಕು, ಎಷ್ಟು, ಯಾವ ತಾರೀಖಿಗೆ. ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ. “ನೂರು ಪದ ಮೀರಬಾರದು, ಬೇಡಿಕೆ ಮೊದಲ ಸಾಲಿನಲ್ಲಿ ಇರಲಿ” ಎಂದು ಸೇರಿಸಿ. ಬಂದದ್ದರಲ್ಲಿ ಶುರುವಿನ “ಐ ಹೋಪ್ ದಿಸ್ ಫೈಂಡ್ಸ್ ಯು ವೆಲ್” ಥರದ ಸಾಲು ಹೊಡೆದುಹಾಕಿ. ಆಮೇಲೆ ಮೊತ್ತ, ತಾರೀಖು, ಬಿಲ್ ನಂಬರ್, ಹೆಸರಿನ ಸ್ಪೆಲ್ಲಿಂಗ್ ಒಂದೊಂದಾಗಿ ಮೂಲ ಕಾಗದದ ಜೊತೆ ತಾಳೆ ನೋಡಿ. ನೀವು ಹೇಳದ ರಿಯಾಯಿತಿ, ವಾಪಸಾತಿ, ಗಡುವಿನ ಮಾತು ಅದರಲ್ಲಿ ನುಸುಳಿರಬಹುದು. ಕಳಿಸಿದ ಮೇಲೆ ಅದು ನಿಮ್ಮ ಮಾತೇ ಆಗುತ್ತದೆ. ಖಾತೆ ನಂಬರ್, ಗಿರಾಕಿಯ ಫೋನ್ ನಂಬರ್‌ಗಳನ್ನು ಆ್ಯಪ್‌ಗೆ ಕೊಡಬೇಡಿ. ಆ ಜಾಗ ಖಾಲಿ ಬಿಟ್ಟು, ಕಳಿಸುವ ಮುನ್ನ ಕೈಯಾರೆ ತುಂಬಿರಿ.